ಒಂದೇ ಪಾಠದ ಸುತ್ತ ನಾಲ್ವರು: ಗಣಿತ ಶಿಕ್ಷಕರು ಕೂಡಿ ಕಲಿಯುವ ಬಗೆ

ಗಣಿತ ಶಿಕ್ಷಕರ ಕೆಲಸ ಬಹುಮಟ್ಟಿಗೆ ಒಂಟಿ ಕೆಲಸ. ತರಗತಿಯ ಬಾಗಿಲು ಮುಚ್ಚಿದ ಮೇಲೆ ಯಾವ ಉದಾಹರಣೆ ಮಕ್ಕಳ ತಲೆಗೆ ಹತ್ತಿತು, ಯಾವ ಪ್ರಶ್ನೆಗೆ ಇಡೀ ತರಗತಿ ಮೌನವಾಯಿತು, ಯಾವ ಹಂತದಲ್ಲಿ ಹಿಂದಿನ ಬೆಂಚಿನವರು ಲೆಕ್ಕವನ್ನು ಕೈಬಿಟ್ಟರು ಎಂಬುದು ಆ ಶಿಕ್ಷಕರೊಬ್ಬರಿಗೇ ಗೊತ್ತಿರುತ್ತದೆ. ಅವರಿಗೂ ಪೂರ್ತಿಯಾಗಿ ಗೊತ್ತಿರುವುದಿಲ್ಲ. ಪಕ್ಕದ ಕೊಠಡಿಯಲ್ಲಿ ಅದೇ ಅಧ್ಯಾಯವನ್ನು ಕಲಿಸುತ್ತಿರುವವರು ಬಹುಶಃ ಅದೇ ಜಾಗದಲ್ಲಿ ಎಡವುತ್ತಿರುತ್ತಾರೆ, ಆದರೆ ಇಬ್ಬರೂ ಆ ವಿಷಯವನ್ನು ಕುಳಿತು ಮಾತನಾಡುವ ಸಂದರ್ಭವೇ ಬರುವುದಿಲ್ಲ. ವರ್ಷಕ್ಕೊಮ್ಮೆ ಎರಡು ಮೂರು ದಿನದ ತರಬೇತಿ ನಡೆಯುತ್ತದೆ, ಅಲ್ಲಿ ಕೇಳಿದ್ದು ಚೆನ್ನಾಗಿಯೇ ಇರುತ್ತದೆ, ಮರಳಿ ಬಂದು ತರಗತಿಯಲ್ಲಿ ಪ್ರಯೋಗಿಸಿದಾಗ ಏನಾಯಿತು ಎಂದು ಕೇಳುವವರು ಮಾತ್ರ ಯಾರೂ ಇರುವುದಿಲ್ಲ. ಆ ಕೇಳುವವರನ್ನು ಶಿಕ್ಷಕರು ತಮ್ಮೊಳಗೇ ಹೇಗೆ ಕಂಡುಕೊಳ್ಳಬಹುದು ಎಂಬುದನ್ನು ಈ ಲೇಖನ ಹಂತ ಹಂತವಾಗಿ ವಿವರಿಸುತ್ತದೆ.

ಇಲ್ಲಿ ಹೇಳುವ ಕ್ರಮದ ಮೂಲ ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿರುವ 'ಜುಗ್ಯೋ ಕೆಂಕ್ಯೂ', ಅಂದರೆ ಪಾಠ ಅಧ್ಯಯನ. ಕೆಲವರು ಶಿಕ್ಷಕರು ಸೇರಿ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ, ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಎಲ್ಲರೂ ಕುಳಿತು ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಜರ್ಮನಿ, ಜಪಾನ್ ಮತ್ತು ಅಮೆರಿಕದ ಎಂಟನೇ ತರಗತಿಯ 231 ಗಣಿತ ಪಾಠಗಳನ್ನು ಚಿತ್ರೀಕರಿಸಿ ಹೋಲಿಸಿದ ಅಧ್ಯಯನವೊಂದರ ಹಿನ್ನೆಲೆಯಲ್ಲಿ ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ 1999ರಲ್ಲಿ ಈ ಪದ್ಧತಿಯನ್ನು ವಿವರಿಸಿ ಬರೆದ ಮೇಲೆ ಜಪಾನಿನ ಹೊರಗೂ ಇದು ವ್ಯಾಪಕವಾಗಿ ಪರಿಚಿತವಾಯಿತು. ಜಪಾನಿನಲ್ಲಿ ಒಂದು ಪಾಠಕ್ಕೆ ವಾರಗಟ್ಟಲೆ ಸಿದ್ಧತೆ ನಡೆಯುವುದುಂಟು. ಅಷ್ಟು ಸಮಯ ಎಲ್ಲರಿಗೂ ಸಿಗುವುದಿಲ್ಲವಾದ್ದರಿಂದ ಇಲ್ಲಿ ಅದನ್ನು ವಾರಕ್ಕೊಂದು ಅವಧಿಯಂತೆ ಐದಾರು ವಾರಗಳ ಒಂದು ಸುತ್ತಾಗಿ ಹೊಂದಿಸಿಕೊಂಡಿದೆ.

ಗುಂಪು ಮತ್ತು ಸಮಯ

ಮೂವರಿಗಿಂತ ಕಡಿಮೆ, ಆರು ಮಂದಿಗಿಂತ ಹೆಚ್ಚು ಬೇಡ. ಇಬ್ಬರೇ ಇದ್ದರೆ ಒಬ್ಬರು ರಜೆ ಹಾಕಿದ ದಿನ ಸಭೆಯೇ ನಿಲ್ಲುತ್ತದೆ. ಎಂಟು ಹತ್ತು ಮಂದಿ ಸೇರಿದರೆ ಇಬ್ಬರು ಮಾತನಾಡುತ್ತಾರೆ, ಉಳಿದವರು ಕೇಳಿಸಿಕೊಂಡು ಎದ್ದುಹೋಗುತ್ತಾರೆ. ಒಂದೇ ಶಾಲೆಯಲ್ಲಿ ಅಷ್ಟು ಗಣಿತ ಶಿಕ್ಷಕರಿಲ್ಲದಿದ್ದರೆ ಹತ್ತಿರದ ಎರಡು ಶಾಲೆಗಳವರು ಕೂಡಿಕೊಳ್ಳಬಹುದು. ಬೇರೆ ಬೇರೆ ತರಗತಿಗಳಿಗೆ ಕಲಿಸುವವರು ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಎಂಟನೇ ತರಗತಿಯಲ್ಲಿ ಬೀಜೋಕ್ತಿಗಳ ಜೊತೆ ಮಕ್ಕಳು ಪಡುವ ಪಾಡಿನ ಬೇರು ಹಲವು ಸಲ ನಾಲ್ಕನೇ ತರಗತಿಯ ಸಮಚಿಹ್ನೆಯಲ್ಲೇ ಇರುತ್ತದೆ. 8 + 4 = ▢ + 5 ಎಂದು ಬರೆದುಕೊಟ್ಟಾಗ ಚೌಕದಲ್ಲಿ 12 ಎಂದು ತುಂಬುವ ಮಗುವಿಗೆ ಸಮಚಿಹ್ನೆ ಎಂದರೆ 'ಉತ್ತರ ಬರೆ' ಎಂಬ ಅಪ್ಪಣೆ; ಅದೇ ಮಗು ಮುಂದೆ ಸಮೀಕರಣದ ಎರಡೂ ಬದಿಯಿಂದ 5ನ್ನು ಕಳೆಯಬೇಕೆಂದಾಗ ಏಕೆಂದು ತಿಳಿಯದೆ ಕಂಗಾಲಾಗುತ್ತದೆ. ಇಬ್ಬರು ಶಿಕ್ಷಕರು ಎದುರುಬದುರು ಕುಳಿತಾಗ ಈ ನಂಟು ತಾನಾಗಿ ಹೊರಬೀಳುತ್ತದೆ.

ವಾರಕ್ಕೊಮ್ಮೆ, ಒಂದೇ ದಿನ, ಒಂದೇ ವೇಳೆಗೆ, ಒಂದು ಅವಧಿಯಷ್ಟು ಸಮಯ ಸಾಕು. 'ಬಿಡುವಾದಾಗ ಸೇರೋಣ' ಎಂದುಕೊಂಡ ಗುಂಪುಗಳು ಎರಡನೆಯ ಸಲ ಸೇರುವುದು ಅಪರೂಪ. ಆದ್ದರಿಂದ ಮುಖ್ಯೋಪಾಧ್ಯಾಯರ ಜೊತೆ ಮಾತನಾಡಿ ಆ ಅವಧಿಯನ್ನು ವೇಳಾಪಟ್ಟಿಯಲ್ಲೇ ಬರೆಸಿಕೊಳ್ಳಿ. ಅದೇ ಮಾತುಕತೆಯಲ್ಲಿ ಇನ್ನೊಂದನ್ನೂ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು: ಈ ಗುಂಪಿನಲ್ಲಿ ನೋಡಿದ ಪಾಠಗಳ ಟಿಪ್ಪಣಿ ಯಾರ ಕೆಲಸದ ಮೌಲ್ಯಮಾಪನಕ್ಕೂ ಬಳಕೆಯಾಗಬಾರದು. ಆ ಭರವಸೆ ಇಲ್ಲದೆ ಹೋದರೆ ಶಿಕ್ಷಕರು ತಮಗೆ ಚೆನ್ನಾಗಿ ಬರುವ ಪಾಠವನ್ನೇ ತೋರಿಸುತ್ತಾರೆ, ತೊಡಕಾದ ಪಾಠ ಬಾಗಿಲ ಹಿಂದೆಯೇ ಉಳಿಯುತ್ತದೆ.

ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಹುಡುಕಿ

ಮೊದಲ ಸಭೆಗೆ ಪ್ರತಿಯೊಬ್ಬರೂ ಹತ್ತು ಮಕ್ಕಳ ನೋಟ್‌ಬುಕ್ಕುಗಳನ್ನೋ ಘಟಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನೋ ತರಬೇಕು. ಹೆಸರು ಕಾಣದಂತೆ ಮಡಚಿಡಿ. 'ಮಕ್ಕಳಿಗೆ ದಶಮಾಂಶ ಬರುವುದಿಲ್ಲ', 'ಬುನಾದಿಯೇ ಗಟ್ಟಿಯಿಲ್ಲ' ಎಂಬ ಮಾತುಗಳಿಂದ ಸಭೆ ಆರಂಭವಾದರೆ ಅದು ಅಲ್ಲೇ ಸುತ್ತುತ್ತಿರುತ್ತದೆ. ಮಗು ಬರೆದ ಒಂದು ಸಾಲು ಮೇಜಿನ ಮೇಲಿದ್ದರೆ ಮಾತು ಆ ಸಾಲಿಗೆ ಕಟ್ಟುಬೀಳುತ್ತದೆ.

ನಾನಿದ್ದ ಒಂದು ಗುಂಪಿನಲ್ಲಿ ಇಂತಹ ಸಾಲೊಂದು ಸಿಕ್ಕಿತು. 0.6 ಮತ್ತು 0.45 ಇವೆರಡರಲ್ಲಿ ದೊಡ್ಡದು ಯಾವುದು ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು 0.45 ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ '45 > 6' ಎಂದು ಕಾರಣವನ್ನೂ ಕೊಟ್ಟಿದ್ದಳು. ಬಿಂದುವಿನ ನಂತರದ ಅಂಕಿಗಳನ್ನು ಅವಳು ಪೂರ್ಣಸಂಖ್ಯೆಯೆಂದೇ ಓದಿದ್ದಳು. ಇದರ ಎದುರು ದಿಕ್ಕಿನ ಇನ್ನೊಂದು ತಪ್ಪೂ ಮಕ್ಕಳಲ್ಲಿದೆ: ನೂರನೆಯ ಭಾಗ ಹತ್ತನೆಯ ಭಾಗಕ್ಕಿಂತ ಚಿಕ್ಕದು, ಆದ್ದರಿಂದ ಬಿಂದುವಿನ ನಂತರ ಎರಡು ಅಂಕಿ ಇರುವ ಸಂಖ್ಯೆ ಯಾವಾಗಲೂ ಚಿಕ್ಕದೇ ಎಂದು ಅವರು ತರ್ಕಿಸುತ್ತಾರೆ, ಅಂಥವರಿಗೆ 0.75ಕ್ಕಿಂತ 0.3 ದೊಡ್ಡದು. ಎರಡು ತಪ್ಪುಗಳೂ ತಮ್ಮಷ್ಟಕ್ಕೆ ಸುಸಂಗತವಾಗಿವೆ, ಮತ್ತು ಎರಡಕ್ಕೂ ಬೇಕಾದ ಪಾಠ ಬೇರೆ ಬೇರೆ.

ಇದನ್ನು ಅರಿತ ಮೇಲೆ ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ನೋಡಿದೆವು. ಹೋಲಿಕೆಗೆ ಕೊಟ್ಟ ಹೆಚ್ಚಿನ ಜೋಡಿಗಳು 0.75 ಮತ್ತು 0.3, 0.52 ಮತ್ತು 0.37 ಇಂಥವೇ ಆಗಿದ್ದವು. ಆ ಹುಡುಗಿಯಂತೆ ಯೋಚಿಸುವ ಮಗು ಇವೆಲ್ಲದರಲ್ಲೂ ಸರಿಯುತ್ತರ ಕೊಟ್ಟು ಪೂರ್ಣ ಅಂಕ ಪಡೆಯುತ್ತದೆ, ತಪ್ಪು ತಿಳಿವಳಿಕೆ ಮುಂದಿನ ತರಗತಿಗೂ ಹಾಗೆಯೇ ಸಾಗುತ್ತದೆ. ಆದ್ದರಿಂದ ಗುಂಪಿನ ಮೊದಲ ಸಣ್ಣ ಕೆಲಸವಾಗಿ ಆರು ಜೋಡಿಗಳ ಒಂದು ಪುಟ್ಟ ಪ್ರಶ್ನಾವಳಿಯನ್ನು ಮಾಡಿಕೊಳ್ಳಿ: ಎರಡು ಜೋಡಿ ಮೊದಲ ಬಗೆಯ ತಪ್ಪನ್ನು, ಎರಡು ಜೋಡಿ ಎರಡನೆಯ ಬಗೆಯದನ್ನು ಹೊರಗೆಳೆಯುವಂತಿರಲಿ, ಒಂದರಲ್ಲಿ ಅಂಕಿಗಳ ಸಂಖ್ಯೆ ಸಮನಾಗಿರಲಿ, ಕೊನೆಯದು 0.5 ಮತ್ತು 0.50 ಇರಲಿ. ಇದಕ್ಕೆ ಹತ್ತು ನಿಮಿಷ ಸಾಕು, ಅಂಕ ಕೊಡುವುದು ಬೇಡ. ಉತ್ತರಗಳನ್ನು ಸರಿ, ತಪ್ಪು ಎಂದು ವಿಂಗಡಿಸುವ ಬದಲು ಮಗುವಿನ ಯೋಚನೆಯ ಬಗೆಯಂತೆ ವಿಂಗಡಿಸಿ. ಮುಂದಿನ ಸಭೆಯ ಹೊತ್ತಿಗೆ ಪ್ರತಿ ತರಗತಿಯಲ್ಲೂ ಯಾವ ಯೋಚನೆಯವರು ಎಷ್ಟು ಮಂದಿ ಇದ್ದಾರೆಂದು ನಿಮ್ಮ ಕೈಯಲ್ಲಿರುತ್ತದೆ.

ಸುತ್ತಿನ ಪ್ರಶ್ನೆಯನ್ನು ಆಗ ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ, 'ದಶಮಾಂಶದ ಅಂಕಿಗಳನ್ನು ಪೂರ್ಣಸಂಖ್ಯೆಯಾಗಿ ಓದುವ ಮಗುವಿಗೆ ಹತ್ತನೆಯ ಮತ್ತು ನೂರನೆಯ ಭಾಗಗಳ ಗಾತ್ರ ಕಣ್ಣಿಗೆ ಕಾಣುವಂತೆ ಹೇಗೆ ಮಾಡಬಹುದು?' ಪ್ರಶ್ನೆ ಇಷ್ಟು ಕಿರಿದಾಗಿರಬೇಕು. 'ಗಣಿತದ ಭಯ ಹೋಗಲಾಡಿಸುವುದು' ದೊಡ್ಡ ಆಶಯ, ಆದರೆ ಒಂದು ಅವಧಿಯ ಪಾಠದಲ್ಲಿ ಅದನ್ನು ಪರೀಕ್ಷಿಸಿ ನೋಡಲಾಗುವುದಿಲ್ಲ.

ಮೊದಲು ನಾವೇ ಲೆಕ್ಕ ಮಾಡಬೇಕು

ಪಾಠಯೋಜನೆ ಬರೆಯುವ ಮುನ್ನ ಒಂದು ಸಭೆಯನ್ನು ಶುದ್ಧ ಗಣಿತಕ್ಕೆ ಮೀಸಲಿಡಿ. ಬಹಳಷ್ಟು ಗುಂಪುಗಳು ಈ ಹೆಜ್ಜೆಯನ್ನು ಹಾರಿಸಿಬಿಡುತ್ತವೆ, ಇಷ್ಟು ವರ್ಷ ಕಲಿಸಿದ ವಿಷಯದಲ್ಲಿ ಹೊಸದೇನಿದೆ ಎಂಬ ಭಾವನೆಯಿಂದ. ವಿಷಯ ಬಲ್ಲವರಿಗೆ ಇರುವ ಜ್ಞಾನ ಮತ್ತು ಅದನ್ನು ಕಲಿಸಬೇಕಾದವರಿಗೆ ಬೇಕಾಗುವ ಜ್ಞಾನ ಒಂದೇ ಅಲ್ಲ ಎಂಬುದನ್ನು ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಸ್ಪಷ್ಟವಾಗಿ ಮುಂದಿಟ್ಟರು. ಯಾವ ಉದಾಹರಣೆ ಯಾವ ಕಲ್ಪನೆಯನ್ನು ತೆರೆದು ತೋರಿಸುತ್ತದೆ, ಮಕ್ಕಳು ಎಲ್ಲಿ ದಾರಿ ತಪ್ಪುತ್ತಾರೆ ಎಂಬುದು ಈ ಎರಡನೆಯ ಬಗೆಯ ಜ್ಞಾನ.

ಇದನ್ನು ಸ್ವತಃ ಅನುಭವಿಸಲು ಒಂದು ಲೆಕ್ಕವಿದೆ. ಚೀನಾ ಮತ್ತು ಅಮೆರಿಕದ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಹೋಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಿಪಿಂಗ್ ಮಾ ಅವರು ಬಳಸಿದ ಪ್ರಶ್ನೆ ಅದು: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಮತ್ತು ಆ ಭಾಗಾಕಾರಕ್ಕೆ ಹೊಂದುವ ಒಂದು ಕಥೆಲೆಕ್ಕವನ್ನು ಕಟ್ಟಿ. ಗುಂಪಿನಲ್ಲಿ ಎಲ್ಲರೂ ಮಾತಾಡದೆ, ಐದು ನಿಮಿಷ ಬರೆಯಿರಿ. ತಿರುವಿ ಗುಣಿಸಿ ಮೂರೂವರೆ ಎಂಬ ಉತ್ತರಕ್ಕೆ ಎಲ್ಲರೂ ಬರುತ್ತೀರಿ. ಕಥೆ ಕಟ್ಟುವಾಗ ಮಾತ್ರ 'ಒಂದೂಮುಕ್ಕಾಲು ಲೀಟರ್ ಹಾಲನ್ನು ಇಬ್ಬರಿಗೆ ಸಮನಾಗಿ ಹಂಚಿದರೆ' ಎಂಬಂಥ ಕಥೆಗಳು ಬರುವ ಸಂಭವ ಬಹಳ. ಅದು ಎರಡರಿಂದ ಭಾಗಿಸಿದ ಕಥೆ, ಅದರ ಉತ್ತರ ಎಂಟನೇ ಏಳು ಭಾಗ. 'ಅರ್ಧ ಮಾಡು' ಮತ್ತು 'ಅರ್ಧದಿಂದ ಭಾಗಿಸು' ಎಂಬ ಎರಡು ಮಾತುಗಳು ಕಿವಿಗೆ ಎಷ್ಟು ಹತ್ತಿರ, ಅರ್ಥದಲ್ಲಿ ಎಷ್ಟು ದೂರ! ಒಂದೂಮುಕ್ಕಾಲು ಮೀಟರ್ ಟೇಪಿನಲ್ಲಿ ಅರ್ಧ ಮೀಟರಿನ ತುಂಡುಗಳು ಎಷ್ಟು ಸಿಗುತ್ತವೆ ಎಂದು ಕೇಳಿದರೆ ಮೂರು ಪೂರ್ಣ ತುಂಡು, ಮೇಲೊಂದು ಅರೆತುಂಡು ಎಂದು ಕಣ್ಣಿಗೇ ಕಾಣುತ್ತದೆ. ಉಳಿದ ಕಾಲು ಮೀಟರನ್ನು 'ಅರೆ' ಎಂದು ಏಕೆ ಕರೆದೆವು ಎಂಬ ಪ್ರಶ್ನೆಯ ಮೇಲೆ ಶಿಕ್ಷಕರೇ ಅರ್ಧ ಗಂಟೆ ಮಾತನಾಡಿದ್ದನ್ನು ನಾನು ಕಂಡಿದ್ದೇನೆ, ಮತ್ತು ಆ ಅರ್ಧ ಗಂಟೆ ಒಂದಿಷ್ಟೂ ವ್ಯರ್ಥವಾಗಲಿಲ್ಲ.

ದಶಮಾಂಶದ ಸುತ್ತಿನಲ್ಲೂ ಇಂಥದ್ದೊಂದು ತಿಳಿವು ನಮ್ಮ ಮಾತಿನಿಂದಲೇ ಸಿಕ್ಕಿತು. 0.45ನ್ನು ನಾವು ತರಗತಿಯಲ್ಲಿ 'ಸೊನ್ನೆ ಪಾಯಿಂಟ್ ನಲವತ್ತೈದು' ಎಂದು ಓದುತ್ತಿದ್ದೆವು. ಹಾಗೆ ಓದಿದರೆ ಮಗುವಿನ ಕಿವಿಗೆ ಬೀಳುವುದು ನಲವತ್ತೈದು ಎಂಬ ಪೂರ್ಣಸಂಖ್ಯೆಯೇ. ಆರಕ್ಕಿಂತ ನಲವತ್ತೈದು ದೊಡ್ಡದೆಂದು ಅದು ತೀರ್ಮಾನಿಸಿದರೆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. 'ಸೊನ್ನೆ ಬಿಂದು ನಾಲ್ಕು ಐದು' ಎಂದು ಓದಬೇಕು, ಆರಂಭದ ಕೆಲವು ದಿನ 'ಹತ್ತನೆಯ ನಾಲ್ಕು ಭಾಗ, ನೂರನೆಯ ಐದು ಭಾಗ' ಎಂದೂ ಬಿಡಿಸಿ ಹೇಳಬೇಕು ಎಂದು ನಾಲ್ವರೂ ಒಪ್ಪಿಕೊಂಡೆವು. ಒಬ್ಬರೇ ಇದ್ದಾಗ ನಮ್ಮ ಮಾತು ನಮಗೆ ಕೇಳಿಸುವುದಿಲ್ಲ.

ಪಾಠವನ್ನು ಕಟ್ಟುವುದು

ಯೋಜನೆಯ ನಡುಗಂಬ ಒಂದೇ ಒಂದು ಸಮಸ್ಯೆಯಾಗಿರಲಿ. '0.6 ಮತ್ತು 0.45 ಇವುಗಳಲ್ಲಿ ಯಾವುದು ದೊಡ್ಡದು? ನಿಮ್ಮ ಮಾತನ್ನು ಒಪ್ಪದ ಗೆಳೆಯನಿಗೆ ಮನದಟ್ಟಾಗುವಂತೆ ಚಿತ್ರ ಬರೆದು ತೋರಿಸಿ' ಎಂಬುದು ಒಂದು ಅವಧಿಗೆ ಧಾರಾಳವಾಗಿ ಸಾಕಾಗುವ ಸಮಸ್ಯೆ. ಇಪ್ಪತ್ತು ಲೆಕ್ಕ ಕೊಟ್ಟರೆ ಮಕ್ಕಳು ಯಾವುದನ್ನೂ ಯೋಚಿಸಿ ಮಾಡುವುದಿಲ್ಲ, ನೋಡುವವರಿಗೂ ಏನೂ ಕಾಣುವುದಿಲ್ಲ.

ಆಮೇಲೆ ಒಂದು ಹಾಳೆಯನ್ನು ಮೂರು ಪಟ್ಟಿಗಳಾಗಿ ಮಡಚಿ. ಎಡಪಟ್ಟಿಯಲ್ಲಿ ಮಕ್ಕಳು ಕೊಡಬಹುದಾದ ಉತ್ತರಗಳನ್ನೂ ಅವುಗಳ ಹಿಂದಿನ ಯೋಚನೆಯನ್ನೂ, ನಡುವೆ ಆ ಮಗುವಿಗೆ ಶಿಕ್ಷಕರು ಕೇಳಬೇಕಾದ ಪ್ರಶ್ನೆಯನ್ನು, ಬಲಕ್ಕೆ ಚರ್ಚೆಯಲ್ಲಿ ಆ ಉತ್ತರ ಎಷ್ಟನೆಯದಾಗಿ ಬರಬೇಕೆಂಬುದನ್ನು ಬರೆಯಿರಿ. '45 ದೊಡ್ಡದು' ಎನ್ನುವ ಮಗು, 0.60 ಎಂದು ಸೊನ್ನೆ ಸೇರಿಸಿ ಸರಿಯುತ್ತರ ಕೊಟ್ಟರೂ ಸೊನ್ನೆ ಏಕೆ ಸೇರಿಸಿದೆ ಎಂದು ಕೇಳಿದರೆ ತಡವರಿಸುವ ಮಗು, ಸಂಖ್ಯಾರೇಖೆ ಎಳೆಯುವ ಮಗು, ಮೀಟರ್ ಅಳತೆಪಟ್ಟಿಯಲ್ಲಿ 60 ಮತ್ತು 45 ಸೆಂಟಿಮೀಟರ್ ತೋರಿಸುವ ಮಗು, ಇವರೆಲ್ಲರೂ ಎಡಪಟ್ಟಿಯಲ್ಲಿ ಇರಬೇಕು. ಗಣಿತ ಶಿಕ್ಷಣದ ಸಂಶೋಧಕರಾದ ಮಾರ್ಗರೆಟ್ ಸ್ಮಿತ್ ಮತ್ತು ಮೇರಿ ಕೇ ಸ್ಟೈನ್ ಅವರು ತರಗತಿಯ ಚರ್ಚೆಗೆ ಹೇಳಿರುವ ಐದು ಅಭ್ಯಾಸಗಳಲ್ಲಿ ಮೊದಲನೆಯದು ಹೀಗೆ ಮುಂಚಿತವಾಗಿ ಊಹಿಸುವುದೇ. ಗಮನಿಸುವುದು, ಆರಿಸುವುದು, ಕ್ರಮಗೊಳಿಸುವುದು, ಒಂದಕ್ಕೊಂದು ಜೋಡಿಸುವುದು ಉಳಿದ ನಾಲ್ಕು. ನಾಲ್ಕು ತಲೆ ಸೇರಿದಾಗ ಈ ಪಟ್ಟಿ ಒಬ್ಬರ ಪಟ್ಟಿಗಿಂತ ಎಷ್ಟೋ ಉದ್ದವಾಗುತ್ತದೆ. ಕೂಡಿ ಕೆಲಸ ಮಾಡುವುದರ ಲಾಭ ಬೇರೆಲ್ಲಕ್ಕಿಂತ ಇಲ್ಲಿ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಕಪ್ಪುಹಲಗೆಯನ್ನೂ ಕಾಗದದ ಮೇಲೆ ಮೊದಲೇ ಬರೆದು ನೋಡಿ. ಪಾಠ ಮುಗಿದಾಗ ಸಮಸ್ಯೆ, ಮಕ್ಕಳ ಬೇರೆ ಬೇರೆ ವಿಧಾನಗಳು, ಕೊನೆಯ ತೀರ್ಮಾನ ಎಲ್ಲವೂ ಅಳಿಸದೆ ಒಟ್ಟಿಗೆ ಕಾಣುವಂತಿರಬೇಕು. ಜಪಾನಿನ ಶಿಕ್ಷಕರು ಇದನ್ನು 'ಬನ್‌ಶೋ' ಎಂದು ಕರೆದು ಪ್ರತ್ಯೇಕ ಕೌಶಲವಾಗಿ ಅಭ್ಯಾಸ ಮಾಡುತ್ತಾರೆ.

ಒಬ್ಬರು ಕಲಿಸುವಾಗ ಉಳಿದವರು ಮಾಡಬೇಕಾದದ್ದು

ಪಾಠ ಎಲ್ಲರದ್ದು, ಕಲಿಸುವವರು ಮಾತ್ರ ಒಬ್ಬರು. ಈ ಮಾತನ್ನು ಪಾಠದ ದಿನ ಮತ್ತೊಮ್ಮೆ ನೆನಪಿಸಿಕೊಳ್ಳಿ, ಏಕೆಂದರೆ ಸಹೋದ್ಯೋಗಿಗಳ ಎದುರು ನಿಂತು ಕಲಿಸುವುದು ಇಪ್ಪತ್ತು ವರ್ಷ ಅನುಭವವಿದ್ದವರಿಗೂ ಎದೆ ನಡುಗಿಸುವ ಕೆಲಸ. ನೋಡುವವರು ತರಗತಿಯ ಹಿಂದೆ ಸಾಲಾಗಿ ಕುಳಿತುಕೊಳ್ಳಬಾರದು. ಅಲ್ಲಿಂದ ಕಾಣುವುದು ಶಿಕ್ಷಕರ ಮುಖ ಮತ್ತು ಮಕ್ಕಳ ಬೆನ್ನು. ಒಬ್ಬೊಬ್ಬರೂ ಇಬ್ಬರು ಮೂವರು ಮಕ್ಕಳ ಪಕ್ಕದಲ್ಲಿ, ಅವರ ನೋಟ್‌ಬುಕ್ಕು ಕಾಣುವಂತೆ ಕುಳಿತು ಅವಧಿಯುದ್ದಕ್ಕೂ ಅವರನ್ನೇ ನೋಡಬೇಕು. ಮಗು ಏನು ಬರೆಯಿತು, ಏನನ್ನು ಅಳಿಸಿತು, ಪಕ್ಕದವನಿಗೆ ಏನು ಹೇಳಿತು, ಎಷ್ಟು ಹೊತ್ತು ಪೆನ್ಸಿಲ್ ನಿಂತಿತ್ತು ಎಂಬುದನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಬೇಕು. ಮಗುವಿಗೆ ಸಹಾಯ ಮಾಡಬಾರದು. ತಪ್ಪು ಮಾಡುತ್ತಿರುವ ಮಗುವನ್ನು ಕಂಡು ಸುಮ್ಮನಿರುವುದು ಶಿಕ್ಷಕರಿಗೆ ಬಹಳ ಕಷ್ಟ, ಆದರೂ ಸುಮ್ಮನಿರಬೇಕು.

ನಮ್ಮ ಪಾಠದಲ್ಲಿ ನಾನು ಕುಳಿತಿದ್ದ ಬೆಂಚಿನ ಹುಡುಗನಿಗೆ ನೂರು ಚೌಕಗಳ ಜಾಲವಿದ್ದ ಹಾಳೆ ಸಿಕ್ಕಿತ್ತು. ದಶಮಾಂಶವನ್ನು ಕಣ್ಣಿಗೆ ಕಾಣಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲವೆಂದು ನಾವೆಲ್ಲ ನಂಬಿದ್ದೆವು. ಅವನು 0.45ಕ್ಕೆ ನಲವತ್ತೈದು ಚೌಕಗಳಿಗೆ ಬಣ್ಣ ತುಂಬಿದ. ಆಮೇಲೆ ಇನ್ನೊಂದು ಜಾಲದಲ್ಲಿ 0.6ಕ್ಕೆ ಎಣಿಸಿ ಆರೇ ಆರು ಚೌಕ ತುಂಬಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಸಮಾಧಾನದಿಂದ '0.45 ದೊಡ್ಡದು' ಎಂದು ಬರೆದ. ಅವನ ತಪ್ಪು ನಂಬಿಕೆಗೆ ನಮ್ಮ ಸಾಧನವೇ ಸಾಕ್ಷಿ ನುಡಿಯಿತು. ಮುಂದೆ ನಿಂತು ಕಲಿಸುತ್ತಿದ್ದವರಿಗೆ ಇದು ಕಾಣುವ ಸಾಧ್ಯತೆಯೇ ಇರಲಿಲ್ಲ. ಅವರಿಗೆ ಕಂಡದ್ದು ತಲೆ ತಗ್ಗಿಸಿ ಶ್ರದ್ಧೆಯಿಂದ ಬಣ್ಣ ತುಂಬುತ್ತಿದ್ದ ಮಗು.

ಚರ್ಚೆಯ ಕ್ರಮ

ಆ ದಿನವೇ ಸೇರಿ. ಮರುದಿನಕ್ಕೆ ಬಿಟ್ಟರೆ ಟಿಪ್ಪಣಿಯಲ್ಲಿಲ್ಲದ ಸಣ್ಣ ಸಂಗತಿಗಳು ಮರೆತುಹೋಗುತ್ತವೆ. ಮೊದಲ ಮಾತು ಕಲಿಸಿದವರದ್ದಾಗಿರಲಿ: ಯೋಜನೆಯಲ್ಲಿ ಊಹಿಸಿದ್ದಕ್ಕೂ ನಡೆದದ್ದಕ್ಕೂ ಎಲ್ಲಿ ಅಂತರ ಬಂತೆಂದು ಅವರೇ ಹೇಳಲಿ. ನಂತರ ನೋಡಿದವರು ಒಬ್ಬೊಬ್ಬರಾಗಿ ತಾವು ಗಮನಿಸಿದ ಮಕ್ಕಳ ಬಗ್ಗೆ ಮಾತ್ರ, ಟಿಪ್ಪಣಿ ನೋಡಿಕೊಂಡು ಹೇಳಬೇಕು. 'ನೀವು ಆ ಪ್ರಶ್ನೆಯನ್ನು ಅವಸರದಲ್ಲಿ ಕೇಳಿದಿರಿ ಮೇಡಂ' ಎನ್ನುವುದಕ್ಕೂ 'ಪ್ರಶ್ನೆ ಮುಗಿದಾಗ ನನ್ನ ಪಕ್ಕದ ಇಬ್ಬರು ಇನ್ನೂ ಮೊದಲ ಚಿತ್ರ ಬರೆಯುತ್ತಿದ್ದರು' ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತನ್ನು ಕೇಳಿದ ಶಿಕ್ಷಕಿ ತಾವೇ ಕಾರಣ ಹುಡುಕಲು ತೊಡಗುತ್ತಾರೆ. ಹೊಗಳಿಕೆಗೂ ಇದೇ ನಿಯಮ: 'ಪಾಠ ತುಂಬಾ ಚೆನ್ನಾಗಿತ್ತು ಸರ್' ಎಂಬ ಮಾತಿನಿಂದ ಯಾರೂ ಏನೂ ಕಲಿಯುವುದಿಲ್ಲ. ಒಬ್ಬರು ಸಭೆಯನ್ನು ನಡೆಸಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಪ್ರತಿ ಸುತ್ತಿಗೂ ಈ ಹೊಣೆಗಳು ಬದಲಾಗಲಿ. ಹಿರಿಯರೊಬ್ಬರೇ ಸದಾ ಸಭೆ ನಡೆಸಿದರೆ ಹೊಸಬರು ಬಾಯಿ ಬಿಡುವುದಿಲ್ಲ.

ಚರ್ಚೆ ಪಾಠದಲ್ಲಿ ಮಾಡಬೇಕಾದ ಒಂದೋ ಎರಡೋ ತಿದ್ದುಪಡಿಗಳಲ್ಲಿ ಮುಗಿಯಬೇಕು. ನಾವು ನೂರು ಚೌಕಗಳ ಜಾಲವನ್ನು ಪಾಠದ ಆರಂಭದಿಂದ ತೆಗೆದುಹಾಕಿದೆವು. ಅದರ ಬದಲು ಹತ್ತು ಉದ್ದಪಟ್ಟಿಗಳಾಗಿ ಮಾತ್ರ ಭಾಗವಾಗಿದ್ದ ಚೌಕವನ್ನು ಕೊಟ್ಟೆವು. 0.6 ಎಂದರೆ ಆರು ಪಟ್ಟಿ ಎಂಬುದರಲ್ಲಿ ಗೊಂದಲವಾಗಲಿಲ್ಲ. 0.45 ಬಂದಾಗ ನಾಲ್ಕು ಪಟ್ಟಿ ತುಂಬಿದ ಮಕ್ಕಳು ಐದನ್ನು ಎಲ್ಲಿ ತುಂಬುವುದೆಂದು ನಿಂತರು, ಒಂದು ಪಟ್ಟಿಯನ್ನು ಮತ್ತೆ ಹತ್ತಾಗಿ ಸೀಳಬೇಕೆಂಬ ಮಾತು ಅವರಿಂದಲೇ ಬಂತು. ಎರಡನೆಯ ಸಲ ಬೇರೆ ಶಿಕ್ಷಕರು, ಬೇರೆ ವಿಭಾಗದಲ್ಲಿ ಈ ತಿದ್ದಿದ ಪಾಠವನ್ನು ಮಾಡಿದರು. ಹೀಗೆ ಎರಡನೆಯ ಸಲ ಕಲಿಸಿ ನೋಡುವುದನ್ನು ಸಾಧ್ಯವಿದ್ದಾಗಲೆಲ್ಲ ಬಿಡಬೇಡಿ.

ಎಲ್ಲ ಮುಗಿದ ಮೇಲೆ ಎರಡು ಪುಟ ಬರೆದಿಡಿ: ಸುತ್ತಿನ ಪ್ರಶ್ನೆ, ಸಮಸ್ಯೆ, ಮೂರು ಪಟ್ಟಿಯ ಹಾಳೆ, ಕಪ್ಪುಹಲಗೆಯ ಚಿತ್ರ, ಮಕ್ಕಳ ಕೆಲಸದ ಎರಡು ಮೂರು ಮಾದರಿಗಳು, ಏನನ್ನು ಏಕೆ ತಿದ್ದಿದೆವು ಎಂಬ ವಿವರ. ಮೂರು ನಾಲ್ಕು ವಾರಗಳ ನಂತರ ಅದೇ ಆರು ಜೋಡಿಗಳಂಥ ಪ್ರಶ್ನಾವಳಿಯನ್ನು ಸಂಖ್ಯೆ ಬದಲಿಸಿ ಮತ್ತೆ ಕೊಟ್ಟು, ಫಲಿತಾಂಶವನ್ನು ಅದೇ ಪುಟಕ್ಕೆ ಸೇರಿಸಿ. ಪಾಠದ ಮರುದಿನ ಸರಿಯಾಗಿದ್ದ ಕೆಲವರು ಹಳೆಯ ಯೋಚನೆಗೆ ಮರಳಿರುತ್ತಾರೆ. ಅದು ತಿಳಿಯದಿದ್ದರೆ ಬರೆದಿಟ್ಟ ದಾಖಲೆ ಅಪೂರ್ಣ.

ಸಮಯ ತೀರ ಕಡಿಮೆಯಿದ್ದಾಗ

ಪರೀಕ್ಷೆಯ ತಿಂಗಳುಗಳಲ್ಲಿ ಇಡೀ ಸುತ್ತು ನಡೆಯುವುದಿಲ್ಲ. ಆಗ ಸಭೆಯನ್ನು ನಿಲ್ಲಿಸದೆ ಅರ್ಧ ಗಂಟೆಯ ಕೆಲಸಗಳನ್ನು ಇಟ್ಟುಕೊಳ್ಳಿ. ಒಂದೇ ಮಗುವಿನ ಒಂದೇ ಉತ್ತರವನ್ನು ಎಲ್ಲರೂ ಓದಿ, ಅದರ ಹಿಂದಿನ ಯೋಚನೆ ಏನಿರಬಹುದೆಂದು ಹೇಳುವುದು ಒಂದು. ಘಟಕ ಪರೀಕ್ಷೆಯ ಪ್ರಶ್ನೆಗಳನ್ನು ಕೂಡಿ ತಯಾರಿಸುತ್ತ, ಪ್ರತಿ ಪ್ರಶ್ನೆಗೂ 'ತಪ್ಪು ತಿಳಿದ ಮಗುವಿಗೂ ಇದರಲ್ಲಿ ಅಂಕ ಸಿಗುತ್ತದೆಯೇ?' ಎಂದು ಕೇಳಿಕೊಳ್ಳುವುದು ಇನ್ನೊಂದು. ಮೂರನೆಯದು ತಮ್ಮ ಪಾಠದ ಹತ್ತು ನಿಮಿಷವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡು ಕಾಯುತ್ತೇವೆಂದು ಎಣಿಸುವುದು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡಿಗೂ ಹೆಚ್ಚು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಮತ್ತು ಹೆಚ್ಚು ಮಕ್ಕಳು ಬಾಯಿ ತೆರೆಯುತ್ತಾರೆ ಎಂದು ಮೇರಿ ಬಡ್ ರೋವ್ ಅವರು ವಿಜ್ಞಾನದ ತರಗತಿಗಳಲ್ಲಿ 1970ರ ದಶಕದಲ್ಲೇ ತೋರಿಸಿದ್ದರು. ನಮ್ಮ ಧ್ವನಿಮುದ್ರಿಕೆಯಲ್ಲಿ ನನ್ನ ಪ್ರಶ್ನೆಗೆ ನಾನೇ ಉತ್ತರ ಹೇಳಿಬಿಟ್ಟದ್ದನ್ನು ಕೇಳಿದ ಮೇಲೆ, ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಐದು ಎಣಿಸುವ ಅಭ್ಯಾಸ ಮಾಡಿಕೊಂಡೆ.

ಪಾಠಗಳು ಹಿಂದೆ ಬೀಳುತ್ತವೆಂಬ ಆತಂಕ ಎಲ್ಲ ಗುಂಪುಗಳಲ್ಲೂ ಬರುತ್ತದೆ, ಅದು ನಿಜವಾದ ಆತಂಕವೂ ಹೌದು. ಆದ್ದರಿಂದ ಸುತ್ತಿನ ಪಾಠವನ್ನು ಪಠ್ಯಕ್ರಮದ ಹೊರಗೆ ಹುಡುಕಬೇಡಿ. ಆ ತಿಂಗಳು ಹೇಗೂ ಕಲಿಸಬೇಕಾಗಿದ್ದ ಅಧ್ಯಾಯದಿಂದಲೇ ಆರಿಸಿ. ವರ್ಷಕ್ಕೆ ಎರಡು ಸುತ್ತು ಮುಗಿಸಿದರೂ ಸಾಕು. ಮೊದಲ ಸುತ್ತಿಗೆ ಭಿನ್ನರಾಶಿ, ದಶಮಾಂಶ, ಋಣಸಂಖ್ಯೆ, ಸಮಚಿಹ್ನೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಲೇಸು, ಏಕೆಂದರೆ ಇವುಗಳಲ್ಲಿ ಮಕ್ಕಳ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ. ಮುಂದಿನ ವಾರದ ಒಂದು ಅವಧಿಯನ್ನು ಗುರುತುಹಾಕಿ, ಹತ್ತು ನೋಟ್‌ಬುಕ್ಕುಗಳೊಂದಿಗೆ ಬರಲು ಇಬ್ಬರು ಸಹೋದ್ಯೋಗಿಗಳಿಗೆ ಇಂದೇ ಹೇಳಿಡಿ.